ಸೂಲಗಿತ್ತಿಯ ಮನೆ



ಕಳೆದ ತಿಂಗಳು ನಮ್ಮ ಮೋಟೆಬೆನ್ನೂರಿನ ಪರಿಚಿತರೊಬ್ಬರ ಮನೆಯಲ್ಲಿ ತೊಟ್ಟಿಲು ಹಾಕುವ ಸಮಾರಂಭವಿದ್ದಿತು. ಕೂಸು ಆಸ್ಪತ್ರೆಯಲ್ಲಿ ಹುಟ್ಟಿ, ತಾಯಿಯೊಡನೆ ಕ್ಷೇಮವಾಗಿ ಮನೆಗೆ ಬಂದಿದ್ದಿತು. ಮುತ್ತೈದೆಯರು ಜೋಗುಳ ಹಾಡಿ, ಕೂಸಿನ ಕಿವಿಯಲ್ಲಿ ಹೆಸರನ್ನು ಹೇಳಿ, ಬಂದವರಿಗೆಲ್ಲ ಗುಗ್ಗರಿಯನ್ನು ಹಂಚಿದರು. ನಾವು ಗಂಡಸರು ಪಡಸಾಲೆಯಲ್ಲಿ ಕುಳಿತು ಮಳೆ-ಬೆಳೆ, ಬ್ಯಾಡಗಿಯ ಮೆಣಸಿನಕಾಯಿಯ ಧಾರಣೆ ಇವುಗಳ ಮಾತಿನಲ್ಲಿ ತೊಡಗಿದ್ದೆವು. ಅಷ್ಟರಲ್ಲಿ ಊರಿನ ಆಶಾ ಕಾರ್ಯಕರ್ತೆಯು ಬಾಗಿಲಲ್ಲಿ ಬಂದು ನಿಂತಳು. ಕೂಸಿಗೆ ಚುಚ್ಚುಮದ್ದು ಹಾಕಿಸುವ ದಿನವನ್ನು ನೆನಪಿಸುವುದಕ್ಕಾಗಿ ಬಂದವಳು. ಯಜಮಾನರು, “ಬಾರವಾ, ಕುಂದರು, ಗುಗ್ಗರಿ ತಗೊಂಡು ಹೋಗು” ಎಂದರು. ಆಕೆಯು, “ಬ್ಯಾಡ್ರೀ ಯಪ್ಪಾ, ಮನ್ಯಾಗ ಮಗಳು ಒಬ್ಬಾಕೀನ ಅದಾಳ, ನಿನ್ನೆಯಿಂದ ಜ್ವರ” ಎಂದು ಹೇಳಿ, ಬಂದಷ್ಟೇ ತ್ವರೆಯಿಂದ ಹೊರಟುಹೋದಳು. ನಮ್ಮ ಮಾತು ಮರಳಿ ಮೆಣಸಿನಕಾಯಿಗೆ ಬಂದಿತು. ಆ ಮಗಳ ಜ್ವರದ ವಿಷಯವಾಗಿ ಯಾರೂ ಒಂದು ಮಾತನ್ನೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮನೆಗೆ ಹಿಂದಿರುಗುವಾಗ ಇದೇ ಮಾತನ್ನು ಹಿಂದೆ ಎಲ್ಲಿಯೋ ಕೇಳಿದ್ದೇನೆಂಬ ಭಾವವು ನನ್ನನ್ನು ಬಿಡಲಿಲ್ಲ. ಬಳಿಕ ನೆನಪಾಯಿತು.

ನನಗೆ ಆಗ ಏಳು ವರ್ಷ. ಶ್ರಾವಣಮಾಸದ ಒಂದು ರಾತ್ರಿ, ಜಿಟಿಜಿಟಿ ಮಳೆ, ಓಣಿಯ ತುಂಬ ಎರೆಮಣ್ಣಿನ ಕೆಸರು. ನಮ್ಮ ತಾಯಿಯವರಿಗೆ ಬೇನೆ ಆರಂಭವಾಯಿತು. ತಂದೆಯವರು ನನ್ನ ಕೈಗೆ ಕಂದೀಲನ್ನು ಕೊಟ್ಟು, ಸೂಲಗಿತ್ತಿಯನ್ನು ಕರೆತರಲು ಆಳಿನೊಡನೆ ಕಳುಹಿಸಿದರು. ಊರಿನ ಮಕ್ಕಳೆಲ್ಲರೂ ಆಕೆಯನ್ನು ದೊಡ್ಡವ್ವ ಎಂದೇ ಕರೆಯುತ್ತಿದ್ದೆವು. ನಮ್ಮಲ್ಲಿ ಬಹುಮಂದಿಯನ್ನು ಭೂಮಿಗೆ ಇಳಿಸಿಕೊಂಡವಳು ಅವಳೇ. ನಾವು ಹೋದಾಗ ದೊಡ್ಡವ್ವನು ತನ್ನ ಕಿರಿಯ ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹಣೆಗೆ ಒದ್ದೆಯ ಅರಿವೆಯನ್ನು ಹಾಕುತ್ತಿದ್ದಳು. ಹುಡುಗನ ಮೈ ಕೆಂಡದಂತೆ ಕಾಯುತ್ತಿದ್ದಿತು. ಆಳು ಬಂದ ಕಾರ್ಯವನ್ನು ಹೇಳಿದನು. ಆಕೆಯು ಒಂದು ಗಳಿಗೆ ಸುಮ್ಮನಿದ್ದಳು. ಅನಂತರ ಹಿರಿಯ ಮಗಳನ್ನು ಎಬ್ಬಿಸಿ, ಹುಡುಗನನ್ನು ಅವಳ ತೊಡೆಗೆ ಸಾಗಿಸಿ, “ಅರಿವೆ ಒಣಗಗೊಡಬ್ಯಾಡ” ಎಂದಷ್ಟೇ ಹೇಳಿ, ತಲೆಯ ಮೇಲೆ ಗೋಣಿಯ ಕೊಪ್ಪೆಯನ್ನು ಹಾಕಿಕೊಂಡು ನಮ್ಮೊಡನೆ ಹೊರಟಳು. ಆ ಹಿರಿಯ ಮಗಳಿಗೆ ಹತ್ತೋ ಹನ್ನೊಂದೋ ವರ್ಷ ವಯಸ್ಸು.

ಬೆಳಗಿನ ಜಾವಕ್ಕೆ ನನ್ನ ತಂಗಿ ಹುಟ್ಟಿದಳು. ದೊಡ್ಡವ್ವನು ಕೂಸಿಗೂ ಬಾಣಂತಿಗೂ ಎರೆದು, ಉಣ್ಣುವುದಕ್ಕೂ ನಿಲ್ಲದೆ ಮನೆಗೆ ಓಡಿದಳು. ಐದನೆಯ ದಿನ ಶೆಟಗೆವ್ವನ ಪೂಜೆಗೆ ಬಂದಾಗ ನಮ್ಮ ಮನೆಯವರು ಪದ್ಧತಿಯಂತೆ ಒಂದು ಮೊರದ ತುಂಬ ಜೋಳವನ್ನೂ ಒಂದು ಕುಪ್ಪಸದ ಕಣವನ್ನೂ ಕೊಟ್ಟರು. ಋಣ ತೀರಿತೆಂದು ತಿಳಿದರು. ಅವಳ ಹುಡುಗನು ದೈವಕೃಪೆಯಿಂದ ಬದುಕಿದನು. ಆದರೆ ಶಾಲೆಯಲ್ಲಿ ನಾನು ಮತ್ತೊಂದನ್ನು ಕಂಡೆನು. ಒಂದೇ ಪಡಸಾಲೆಯಲ್ಲಿ ನಾಲ್ಕು ಇಯತ್ತೆಗಳು ಕೂಡುತ್ತಿದ್ದ ಕಾಲವದು. ಮಾಸ್ತರರು ಹಾಜರಿಯನ್ನು ಕರೆಯುವಾಗ ದೊಡ್ಡವ್ವನ ಮಗಳ ಹೆಸರಿಗೆ ವಾರದಲ್ಲಿ ಎರಡು ಮೂರು ದಿನ ಉತ್ತರವಿರುತ್ತಿರಲಿಲ್ಲ. ಮುಂದಿನ ವರ್ಷ ಆ ಹೆಸರೇ ಹಾಜರಿಪುಸ್ತಕದಲ್ಲಿರಲಿಲ್ಲ. ಮುಂದೆ ನಾನೇ ಉಪಾಧ್ಯಾಯನಾಗಿ ಅನೇಕ ವರ್ಷ ಹಾಜರಿಯನ್ನು ಕರೆದೆನು. ಎಷ್ಟೋ ಹೆಣ್ಣುಮಕ್ಕಳ ಹೆಸರಿನ ಮುಂದೆ ಗೈರುಹಾಜರಿಯ ಗುರುತನ್ನು ಹಾಕಿದೆನು. ಆ ಗುರುತಿನ ಹಿಂದೆ ಯಾರ ಮನೆಯ ತೊಟ್ಟಿಲು ತೂಗುತ್ತಿದ್ದಿತೆಂಬುದನ್ನು ವಿಚಾರಿಸಿದವನಲ್ಲ.

ಇದೇ ನಮ್ಮೂರಿನಲ್ಲಿ 1911ರಲ್ಲಿ ಹುಟ್ಟಿದ ಮೈಲಾರ ಮಹಾದೇವಪ್ಪನವರು 1943ರಲ್ಲಿ ಹೊಸರಿತ್ತಿಯಲ್ಲಿ ದೇಶಕ್ಕಾಗಿ ಪ್ರಾಣವನ್ನಿತ್ತರು. ಹಾವೇರಿಯ ರೈಲ್ವೆ ನಿಲ್ದಾಣಕ್ಕೆ ಅವರ ಹೆಸರನ್ನಿಟ್ಟು ನಾಡು ಕೃತಜ್ಞತೆಯನ್ನು ತೋರಿಸಿದೆ. ಅದು ಯೋಗ್ಯವೇ ಸರಿ. ಆದರೆ ಆ ಕೂಸನ್ನು ಮೊದಲು ಕೈಯಲ್ಲಿ ಹಿಡಿದ ಹೆಣ್ಣುಮಗಳಿಗೆ ದೊರೆತದ್ದು ಹೆಚ್ಚೆಂದರೆ ಒಂದು ಮೊರ ಜೋಳವೆಂದು ಹೇಳಬಹುದು. ಇಂತಹ ತಾಯಂದಿರು ನಮ್ಮ ಬಯಲುಸೀಮೆಯ ಊರೂರಿನಲ್ಲಿಯೂ ಆಗಿಹೋದರು. ಅವರಲ್ಲಿ ಒಬ್ಬರನ್ನು ಮಾತ್ರ ಲೋಕವು ಕಡೆಗಾಲದಲ್ಲಿ ಗುರುತಿಸಿತು. ಅವರ ದೀರ್ಘ ಜೀವನವನ್ನು ಈ ತಿಂಗಳು ವಾಚಕರ ಮುಂದಿಡಬೇಕೆಂದು ಮನಸ್ಸಾಯಿತು.

ಅವರೇ ಸೂಲಗಿತ್ತಿ ನರಸಮ್ಮನವರು. ಸೂಲು ಎಂದರೆ ಹೆರಿಗೆ. ಅದನ್ನು ಮಾಡಿಸತಕ್ಕವಳು ಸೂಲಗಿತ್ತಿ. ವೃತ್ತಿಯ ಈ ಹೆಸರು ಅವರ ಹೆಸರಿಗೆ ಬಿರುದಿನಂತೆ ಅಂಟಿಕೊಂಡಿತು. ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನ ಕೃಷ್ಣಾಪುರವೆಂಬ ಹಳ್ಳಿಯಲ್ಲಿ 1920ರಲ್ಲಿ ಅವರು ಹುಟ್ಟಿದರು. ಪಾವಗಡವು ಬಹುಭಾಗ ಆಂಧ್ರದ ನೆಲದಿಂದ ಸುತ್ತುವರಿಯಲ್ಪಟ್ಟ, ಕಲ್ಲುಗುಡ್ಡಗಳ, ಬರಕ್ಕೆ ಹೆಸರಾದ ಸೀಮೆ. ನರಸಮ್ಮನವರ ಮನೆಮಾತು ತೆಲುಗು. ಅಕ್ಷರಜ್ಞಾನವು ಅವರಿಗೆ ಲಭಿಸಲಿಲ್ಲ. ಹನ್ನೆರಡನೆಯ ವಯಸ್ಸಿಗೆ ಅಂಜಿನಪ್ಪನವರೊಡನೆ ವಿವಾಹವಾಯಿತು. ಅವರಿಗೆ ಹನ್ನೆರಡು ಮಕ್ಕಳಾದರು. ಅವರಲ್ಲಿ ನಾಲ್ವರು ಎಳೆತನದಲ್ಲಿಯೇ ತೀರಿಕೊಂಡರು.

ಅವರ ವಿದ್ಯಾಶಾಲೆಯು ಅವರ ಮನೆಯೇ. ಅಜ್ಜಿಯಾದ ಮರಿಗೆಮ್ಮನವರು ಸೂಲಗಿತ್ತಿಯಾಗಿದ್ದರು. ನರಸಮ್ಮನವರ ಸ್ವಂತ ಹೆರಿಗೆಗಳಲ್ಲಿ ಐದನ್ನು ಆ ಅಜ್ಜಿಯೇ ಮಾಡಿಸಿದರು. ತಾನು ಹಡೆಯುತ್ತಲೇ ಹಡಿಸುವುದನ್ನು ಕಲಿತ ವಿದ್ಯೆಯಿದು. 1940ರಲ್ಲಿ, ತಮ್ಮ ಇಪ್ಪತ್ತನೆಯ ವಯಸ್ಸಿನಲ್ಲಿ, ನರಸಮ್ಮನವರು ಮೊದಲ ಹೆರಿಗೆಗೆ ಕೈಗೊಟ್ಟರು. ಅದು ಅವರ ಸ್ವಂತ ಚಿಕ್ಕಮ್ಮನ ಹೆರಿಗೆ. ಊರಿಗೆ ಬರುತ್ತಿದ್ದ ಅಲೆಮಾರಿ ಜನರಿಂದ ಗರ್ಭಿಣಿಯರಿಗೆ ಹಿತವಾದ ಗಿಡಮೂಲಿಕೆಗಳನ್ನು ಅರಿತುಕೊಂಡರು. ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ತಲೆ ಎತ್ತ ಇದೆ, ನಾಡಿ ಹೇಗಿದೆ ಎಂಬುದನ್ನು ಹೇಳುವಷ್ಟು ಪ್ರಾವೀಣ್ಯವನ್ನು ಪಡೆದರು. ಅಲ್ಲಿಂದ ಸುಮಾರು ಎಪ್ಪತ್ತು ವರ್ಷಗಳ ಕಾಲ ಅವರ ಕೈಯಿಂದ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳಾದವೆಂದು ಪ್ರಸಿದ್ಧಿಯಿದೆ. ಯಾರಿಂದಲೂ ಅವರು ಪ್ರತಿಫಲವನ್ನು ಪಡೆಯಲಿಲ್ಲ. ತಾವು ಬಲ್ಲುದನ್ನು ಇತರ ಹೆಣ್ಣುಮಕ್ಕಳಿಗೂ ಕಲಿಸಿದರು.

ಉಪಾಧ್ಯಾಯನ ಚಟವು ಬಿಡದು. ನಾನೊಂದು ಲೆಕ್ಕವನ್ನು ಹಾಕಿದೆನು. ಎಪ್ಪತ್ತು ವರ್ಷಗಳೆಂದರೆ 25,550 ದಿನಗಳು. ಹದಿನೈದು ಸಾವಿರ ಹೆರಿಗೆಗಳನ್ನು ಅವುಗಳಲ್ಲಿ ಹಂಚಿದರೆ, ಎರಡು ದಿನ ತುಂಬುವುದರೊಳಗೆ ಒಂದು ಕರೆ ಬಂದಂತಾಯಿತು. ಯುಗಾದಿಯೆನ್ನದೆ, ದೀಪಾವಳಿಯೆನ್ನದೆ, ಮನೆಯಲ್ಲಿ ಮದುವೆಯೆನ್ನದೆ, ಸೂತಕವೆನ್ನದೆ ಬಾಗಿಲಲ್ಲಿ ಯಾರೋ ಬಂದು ನಿಲ್ಲುವುದು. ಇತ್ತ ಹನ್ನೆರಡು ಬಸಿರುಗಳೆಂದರೆ ನೂರೆಂಟು ತಿಂಗಳು, ಅಂದರೆ ಒಂಬತ್ತು ವರ್ಷಗಳು. ತುಂಬಿದ ಬಸುರಿಯೊಬ್ಬಳು ಮತ್ತೊಬ್ಬ ಬಸುರಿಯ ಸೊಂಟವನ್ನು ನೀವುತ್ತ ಕುಳಿತ ರಾತ್ರಿಗಳು ಎಷ್ಟಿರಬಹುದು! ತನ್ನ ನಾಲ್ಕು ಕೂಸುಗಳನ್ನು ಮಣ್ಣಿಗೆ ಕೊಟ್ಟ ಕೈಯೇ ಅನ್ಯರ ಕೂಸುಗಳನ್ನು ಬೆಳಕಿಗೆ ತಂದಿತೆಂಬುದನ್ನು ಯೋಚಿಸಿದರೆ ಸಂಖ್ಯೆಗಳು ಮಾತನಾಡತೊಡಗುವುವು.

ಅವರ ಸೇವೆಗೆ ಮನ್ನಣೆಯು ಬಂದದ್ದು ತೊಂಬತ್ತರ ಸಮೀಪದಿಂದ ಈಚೆಗೆ. 2013ರಲ್ಲಿ ಹಿರಿಯ ನಾಗರಿಕರಿಗೆ ಕೊಡುವ ರಾಷ್ಟ್ರಪ್ರಶಸ್ತಿಯು ಬಂದಿತು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟನ್ನಿತ್ತಿತು. ಅಕ್ಷರವನ್ನು ಬರೆಯಲರಿಯದ ತಾಯಿಗೆ ವಿದ್ಯಾಪೀಠವು ತಲೆಬಾಗಿತು. 2018ರಲ್ಲಿ ಭಾರತ ಸರಕಾರವು ಪದ್ಮಶ್ರೀ ಪ್ರಶಸ್ತಿಯನ್ನು ಕೊಟ್ಟಿತು. ಅದೇ ವರ್ಷ ಡಿಸೆಂಬರ್ 25ರಂದು, ತೊಂಬತ್ತೆಂಟನೆಯ ವಯಸ್ಸಿನಲ್ಲಿ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅವರು ದೇಹವನ್ನು ಬಿಟ್ಟರು.

ಶುಶ್ರೂಷೆಯ ವಿಷಯದಲ್ಲಿ ನಮ್ಮ ಪೂರ್ವಿಕರು ಏನನ್ನು ಹೇಳಿದ್ದಾರೆಂಬುದನ್ನು ಇಲ್ಲಿ ಸ್ಮರಿಸುವುದು ಅಪ್ರಸ್ತುತವಾಗಲಾರದು. ಚರಕಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಇರತಕ್ಕ ಗುಣಗಳೂ ನಾಲ್ಕು: ಉಪಚಾರವನ್ನು ಬಲ್ಲವನಾಗಿರುವುದು, ದಾಕ್ಷ್ಯ, ರೋಗಿಯಲ್ಲಿ ಅನುರಾಗ, ಶೌಚ. ಸುಶ್ರುತನು ಶಾರೀರಸ್ಥಾನದಲ್ಲಿ ಪ್ರಸೂತಿಯ ವೇಳೆ ಹತ್ತಿರವಿರತಕ್ಕ ಹೆಂಗಸರನ್ನು ವರ್ಣಿಸುವಾಗ, ಅವರು ವಯಸ್ಸಿನಲ್ಲಿ ಪಕ್ವರೂ ಹೆರಿಗೆ ಮಾಡಿಸುವುದರಲ್ಲಿ ಕುಶಲರೂ ಆಗಿರಬೇಕೆಂದು ಹೇಳಿ, ಉಗುರುಗಳನ್ನು ಕತ್ತರಿಸಿಕೊಂಡಿರಬೇಕೆಂಬ ಮಾತನ್ನೂ ಸೇರಿಸಿದ್ದಾನೆ. ಉಗುರಿನ ಮಾತು ಅಲ್ಪವೆಂದು ಯಾರೂ ಭಾವಿಸಬಾರದು. 1847ರಲ್ಲಿ ವಿಯೆನ್ನಾ ನಗರದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು ಒಂದು ವಿಚಿತ್ರವನ್ನು ಕಂಡನು. ಸೂಲಗಿತ್ತಿಯರು ನೋಡಿಕೊಳ್ಳುತ್ತಿದ್ದ ವಿಭಾಗಕ್ಕಿಂತ ವೈದ್ಯರು ನೋಡಿಕೊಳ್ಳುತ್ತಿದ್ದ ವಿಭಾಗದಲ್ಲಿ ಬಾಣಂತಿಯರು ಹೆಚ್ಚಾಗಿ ಸಾಯುತ್ತಿದ್ದರು. ವೈದ್ಯರು ಶವಗಳನ್ನು ಕೊಯ್ದ ಕೈಗಳಿಂದಲೇ ನೇರವಾಗಿ ಹೆರಿಗೆಗೆ ಬರುತ್ತಿದ್ದುದೇ ಕಾರಣವೆಂದು ಅವನು ಕಂಡುಹಿಡಿದು, ಕ್ಲೋರಿನ್ ಬೆರೆತ ಸುಣ್ಣದ ನೀರಿನಿಂದ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದನು; ಸಾವುಗಳು ಕೂಡಲೆ ಇಳಿದುವು. ಶೌಚವು ಕೇವಲ ಆಚಾರದ ಮಾತಲ್ಲ, ಪ್ರಾಣದ ಮಾತು.

ಮೇಲೆ ಹೇಳಿದ ನಾಲ್ಕು ಗುಣಗಳಿಗೆ ಐದನೆಯದೊಂದನ್ನು ಸೇರಿಸಬೇಕೆಂದು ನನಗೆ ತೋರುತ್ತದೆ. ಅದು ಪರಿಚಾರಿಕೆಯ ಗುಣವಲ್ಲ, ಅವಳ ಮನೆಯ ಗುಣ. ಅವಳನ್ನು ಹೋಗಗೊಡತಕ್ಕ ಮನೆ, ಅವಳು ಬರುವವರೆಗೆ ಒಲೆಯನ್ನು ಕಾಯತಕ್ಕ ಮನೆ ಹಿಂದೆ ಇಲ್ಲದಿದ್ದರೆ ಯಾವ ದಕ್ಷತೆಯೂ ಅನುರಾಗವೂ ಅನ್ಯರ ಬಾಗಿಲವರೆಗೆ ತಲಪಲಾರದು.

ಈ ತೊಡಕು ನಮ್ಮ ದೇಶದ್ದು ಮಾತ್ರವಲ್ಲ. ಉತ್ತರ ಅಮೆರಿಕ ಖಂಡದ ನಡುವೆ ಪ್ರೇರಿಯೆಂದು ಹೆಸರಾದ, ಕಣ್ಣು ಹರಿಯುವಷ್ಟು ದೂರವೂ ಹುಲ್ಲೇ ತುಂಬಿದ ಮಹಾಬಯಲುಗಳಿವೆ. ಅಲ್ಲಿ ಹೊಸದಾಗಿ ನೆಲೆಸಿದ ಒಕ್ಕಲುಮನೆಗಳು ಒಂದಕ್ಕೊಂದು ಬಹುದೂರ. ಹೆರಿಗೆಯ ವೇಳೆಗೆ ನೆರೆಯವಳೂ ಸಿಕ್ಕುತ್ತಿರಲಿಲ್ಲ. ಅಂಥವರ ಕಷ್ಟವನ್ನು ಕಂಡು ಕೆನಡಾ ದೇಶದಲ್ಲಿ 1897ರಲ್ಲಿ ವಿಕ್ಟೋರಿಯನ್ ಆರ್ಡರ್ ಆಫ್ ನರ್ಸಸ್ ಎಂಬ ದಾದಿಯರ ಸಂಸ್ಥೆಯು ಸ್ಥಾಪಿತವಾಯಿತು. ಕುದುರೆಗಾಡಿಯಲ್ಲಿ, ಹಿಮಕಾಲದಲ್ಲಿ ಜಾರುಬಂಡಿಯಲ್ಲಿ, ಬಯಲನ್ನು ದಾಟಿ ಹೋಗುತ್ತಿದ್ದ ಪ್ರೇರಿಯ ದಾದಿಯರು ನಮ್ಮ ದೊಡ್ಡವ್ವನ ಸೋದರಿಯರೇ ಸರಿ. ಆದರೆ ಆ ದೇಶಗಳಲ್ಲಿ ಬಹುಕಾಲ ಒಂದು ರೂಢಿಯಿದ್ದಿತು: ವಿವಾಹವಾದ ದಾದಿಯು ಉದ್ಯೋಗವನ್ನು ಬಿಡಬೇಕು. ಸೇವೆ ಬೇಕಾದರೆ ಸಂಸಾರವಿಲ್ಲ, ಸಂಸಾರ ಬೇಕಾದರೆ ಸೇವೆಯಿಲ್ಲ. ನಾವು ಹಾಗೆ ಹೇಳಲಿಲ್ಲ. ಎರಡನ್ನೂ ನೀನೇ ಹೊರು ಎಂದೆವು, ಮೂರನೆಯ ಕೈಯನ್ನು ಮಾತ್ರ ಕೊಡಲಿಲ್ಲ. ಅವರ ನಿಷೇಧವೂ ನಮ್ಮ ಔದಾಸೀನ್ಯವೂ ಒಂದೇ ತಪ್ಪಿನ ಎರಡು ಮುಖಗಳೆಂದು ಹೇಳಬೇಕಾಗಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ನರಸಮ್ಮನವರಂತಹವರ ಕಥೆಯನ್ನು ಕೇಳಿ, “ಹಿಂದಿನಂತೆ ಮನೆಯಲ್ಲಿಯೇ ಹೆರಿಗೆಯಾಗಲಿ, ಆಸ್ಪತ್ರೆಯ ಗೊಡವೆಯೇಕೆ?” ಎಂದು ಕೆಲವರು ಹೇಳುವುದುಂಟು. ಇದು ಆ ತಾಯಿಗೆ ಸಲ್ಲಿಸುವ ಗೌರವವಲ್ಲ. ಕೈಯಲ್ಲಿ ಎಷ್ಟೇ ಗುಣವಿರಲಿ, ಹೆರಿಗೆಯ ತರುವಾಯ ರಕ್ತವು ನಿಲ್ಲದೆ ಹರಿಯತೊಡಗಿದರೆ ರಕ್ತವನ್ನು ತುಂಬತಕ್ಕ ಏರ್ಪಾಡು ಬೇಕು. ಕೂಸು ಅಡ್ಡವಾಗಿ ನಿಂತರೆ ಶಸ್ತ್ರಚಿಕಿತ್ಸೆ ಬೇಕು. ಹೊಕ್ಕುಳ ಬಳ್ಳಿಯನ್ನು ಶುದ್ಧವಲ್ಲದ ಆಯುಧದಿಂದ ಕೊಯ್ದು, ಗಾಯಕ್ಕೆ ಸಗಣಿಯನ್ನೋ ಬೂದಿಯನ್ನೋ ಹಚ್ಚಿದ್ದರಿಂದ ವಾರದೊಳಗೆ ಧನುರ್ವಾಯು ಬಂದು ಎಷ್ಟೋ ಕೂಸುಗಳು ಹೋದುವು. ಬಸುರಿಯರಿಗೆ ಹಾಕುವ ಚುಚ್ಚುಮದ್ದು, ಶುದ್ಧವಾದ ಹೆರಿಗೆ ಇವುಗಳಿಂದ ಆ ಪಿಡುಗನ್ನು ನಮ್ಮ ದೇಶವು ಹತೋಟಿಗೆ ತಂದುದನ್ನು 2015ರಲ್ಲಿ ಜಗತ್ತು ಒಪ್ಪಿತು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿದ್ದುವು. ಆದರೂ 2018-20ರ ಗಣತಿಯಲ್ಲಿ ಲಕ್ಷ ಜನನಗಳಿಗೆ 69 ತಾಯಂದಿರು ನಮ್ಮ ರಾಜ್ಯದಲ್ಲಿ ಪ್ರಾಣವನ್ನು ಕಳೆದುಕೊಂಡರು. ಆದಕಾರಣ ಬೇನೆ ಆರಂಭವಾಗುತ್ತಲೆ 108ಕ್ಕೆ ಕರೆ ಮಾಡುವುದರಲ್ಲಿ ಕ್ಷಣವೂ ತಡಮಾಡಬಾರದು. ಸೂಲಗಿತ್ತಿಯ ವಿದ್ಯೆಯು ಹಾಗೆಂದು ನಷ್ಟವಾಗಬೇಕಾಗಿಲ್ಲ. ದಾದಿಯರಿಗೆ ಹದಿನೆಂಟು ತಿಂಗಳ ತರಬೇತಿಯನ್ನು ಕೊಟ್ಟು, ಸಹಜ ಹೆರಿಗೆಗಳನ್ನು ಅವರಿಗೇ ವಹಿಸತಕ್ಕ ಮಾರ್ಗದರ್ಶಿಯನ್ನು ಕೇಂದ್ರ ಸರಕಾರವು 2018ರ ಡಿಸೆಂಬರಿನಲ್ಲಿ, ಅಂದರೆ ನರಸಮ್ಮನವರು ತೀರಿಕೊಂಡ ತಿಂಗಳಿನಲ್ಲಿಯೇ, ಹೊರಡಿಸಿತು.

ಇನ್ನು ನಮ್ಮ ದೊಡ್ಡವ್ವನ ಮಗಳ ಮಾತು. ತೊಟ್ಟಿಲಿನ ಸಮಾರಂಭವಾದ ಮೂರನೆಯ ದಿನ ನಾನು ಆಕೆಯ ಮನೆಗೆ ಹೋದೆನು. ಈಗ ಅರವತ್ತು ದಾಟಿದ ಆಕೆಯು ಕಟ್ಟೆಯ ಮೇಲೆ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ತಾಯಿಯು ಎಂಬತ್ತರ ಮೇಲೆ ಬಾಳಿ ತೀರಿಕೊಂಡು ವರ್ಷಗಳಾಗಿವೆ. ಆ ಮಳೆಯ ರಾತ್ರಿಯನ್ನು ನೆನಪಿಸಿ, “ಅಕ್ಕಾ, ನಿನ್ನ ಸಾಲಿ ತಪ್ಪಿದ್ದು ನಮ್ಮಂಥವರ ಸಲುವಾಗಿ. ಇಷ್ಟು ವರ್ಷ ಒಂದು ಮಾತೂ ಕೇಳಲಿಲ್ಲ” ಎಂದೆನು. ಆಕೆಯು ಕೈಯ ಕೆಲಸವನ್ನು ನಿಲ್ಲಿಸಲಿಲ್ಲ. “ಅದರಾಗ ಏನೈತ್ರಿ ಮಾಸ್ತರ? ಅವ್ವ ಊರ ಮಕ್ಕಳನ್ನ ಎತ್ಕೊಂಡ್ಳು, ನಾ ಅವ್ವನ ಮಕ್ಕಳನ್ನ ಎತ್ಕೊಂಡೆ” ಎಂದಳು. ಸ್ವಲ್ಪ ತಡೆದು, “ಆದ್ರ ಓದಾಕ ಬಂದಿದ್ರ ಚಲೋ ಆಗ್ತಿತ್ತು. ಈಗೂ ಬಸ್ಸಿನ ಬೋರ್ಡು ಯಾರನ್ನಾರ ಕೇಳಬೇಕು” ಎಂದಳು.

ಆ ಎರಡು ಮಾತುಗಳಲ್ಲಿ ಮೊದಲನೆಯದನ್ನು ಮಾತ್ರ ಕೇಳಿ, ತ್ಯಾಗವೆಂದು ಕೊಂಡಾಡಿ ಎದ್ದುಬರುವುದು ನಮ್ಮ ಅಭ್ಯಾಸ. ಎರಡನೆಯ ಮಾತಿಗೆ ಉತ್ತರವನ್ನು ಕೊಡುವುದು ನಮ್ಮ ಧರ್ಮ. ಒಬ್ಬ ತಾಯಿಯ ಸೇವೆಯ ಬೆಲೆಯನ್ನು ಹತ್ತು ವರ್ಷದ ಮಗಳು ತೆತ್ತಳು. ಲಾಭವನ್ನು ನಾವೆಲ್ಲರೂ ಪಡೆದೆವು.

ಆದುದರಿಂದ ಗೃಹಸ್ಥರಲ್ಲಿ ನನ್ನ ಬಿನ್ನಹವಿಷ್ಟೆ. ದಾದಿಯೋ ಆಶಾ ಕಾರ್ಯಕರ್ತೆಯೋ ನಮ್ಮ ಬಾಗಿಲಿಗೆ ಬಂದಾಗ, ನಮ್ಮ ಮನೆಯ ಕೂಸಿನ ಮಾತು ಮುಗಿದ ಮೇಲೆ ಅವಳ ಮನೆಯ ಮಕ್ಕಳ ಕ್ಷೇಮವನ್ನೂ ಕೇಳೋಣ. 2005ರಿಂದ ಹಳ್ಳಿಹಳ್ಳಿಗಳಲ್ಲಿ ದುಡಿಯುತ್ತಿರುವ ಆಶಾ ಕಾರ್ಯಕರ್ತೆಯರನ್ನು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಗೌರವಿಸಿತು. ಆದರೆ ಅವರಿಗೆ ದೊರೆಯುವುದು ಗೌರವಧನವೇ ಹೊರತು ಸರಕಾರಿ ನೌಕರರ ಸಂಬಳವಲ್ಲ. ಅವರು ನ್ಯಾಯವಾದುದನ್ನು ಬೇಡಿದಾಗ ನಾವು ಅವರ ಬೆಂಬಲಕ್ಕೆ ನಿಲ್ಲೋಣ. ನಮ್ಮ ಮನೆಯ ಹೆಣ್ಣುಮಗಳೇ ಇಂತಹ ಕೆಲಸಕ್ಕೆ ಹೋಗುತ್ತಿದ್ದರೆ, ಅವಳು ಬರುವವರೆಗೆ ಒಲೆಯನ್ನೂ ತೊಟ್ಟಿಲನ್ನೂ ಗಂಡಸರು ನೋಡಿಕೊಳ್ಳಲಿ. ಆ ಭಾರವನ್ನು ಹೆಣ್ಣುಕೂಸಿನ ಪಾಟಿಚೀಲದ ಮೇಲೆ ಹೊರಿಸುವುದು ಬೇಡ.

ಅಂದು ಸಂಜೆ ನಾನು ಆಶಾ ಕಾರ್ಯಕರ್ತೆಯ ಮನೆಯ ಕಡೆಗೂ ಹೋಗಿಬಂದೆನು. ಮಗಳ ಜ್ವರವು ಬಿಟ್ಟಿದ್ದಿತು. ತಾಯಿಯು ಇನ್ನೂ ಮನೆಗೆ ಬಂದಿರಲಿಲ್ಲ. ಹುಡುಗಿಯು ಬಾಗಿಲಲ್ಲಿ ಕುಳಿತು ಲೆಕ್ಕವನ್ನು ಮಾಡುತ್ತಿದ್ದಳು, ಭಾಗಾಕಾರದಲ್ಲಿ ಎಡವಿದ್ದಳು. ನಾನು ಪಕ್ಕದಲ್ಲಿ ಕುಳಿತೆನು. ಈಗ ವಾರಕ್ಕೆ ಮೂರು ಸಂಜೆ ಆ ಕಟ್ಟೆಯ ಮೇಲೆ ನನ್ನ ಪಾಠ ನಡೆಯುತ್ತಿದೆ. ದೊಡ್ಡವ್ವನ ಋಣವು ಇಷ್ಟರಿಂದ ತೀರಲಾರದು. ಬಡ್ಡಿಯಾದರೂ ಸಲ್ಲಲಿ ಎಂಬುದಷ್ಟೇ ನನ್ನ ಆಶೆ.